ತಾಳಮದ್ದಳೆ ಮಧ್ಯೆ ಮೈಕ್ ಕೂಗುತ್ತದೆ, ಎಂತ ಮಾಡುವುದು?

ಮಂದಿರದ ಮೈಕಿನವ:

ಎಲ್ಲರಿಗೂ ನಮಸ್ಕಾರ. ನಮ್ಮದು ಕಾಸರಗೋಡು ಕಡೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ ಒಂದು ಸಣ್ಣ ಭಜನಾ ಮಂದಿರ. ಪತ್ತನಾಜೆ ಕಳೆದು, ಅಂದರೆ ಮೇ ಕೊನೆಗೆ ಯಕ್ಷಗಾನ ಮೇಳದವರು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ, ಇಲ್ಲಿ ಮಳೆಗಾಲ ಪೂರ್ತಿ ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ಪದ, ಮಾತಿನಲ್ಲೇ ನಡೆಸುವ ಯಕ್ಷಗಾನ), ತಿಂಗಳಿಗೆ ಒಂದೋ ಎರಡೋ. ಮೊದಲು ಮೈಕ್ ಸೆಟ್ ಬಾಡಿಗೆಗೆ ತರುತ್ತಿದ್ದೆವು. ಹೋದ ವರ್ಷ ಚಂದಾ ಎತ್ತಿ ಸ್ವಂತ ಸೆಟ್ ತೆಗೆದುಕೊಂಡೆವು. 12 ಇಂಚಿನ ಸ್ಪೀಕರ್ ಬಾಕ್ಸ್ ಎರಡು, 12 ಚಾನೆಲ್ ಮಿಕ್ಸರ್, ಪದ ಹಾಡುವ ಭಾಗವತರಿಗೆ ತಮ್ಮ ಸ್ವರ ಕೇಳಲು ಒಂದು ಸಣ್ಣ ಮಾನಿಟರ್ ಬಾಕ್ಸ್, ಮೈಕ್ ಎಂಟು. ನನಗೆ ಪಂಪ್‌ಸೆಟ್ ರಿಪೇರಿ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಮಿಕ್ಸರ್ ಮುಂದೆ ನನ್ನನ್ನು ಕೂರಿಸಿದ್ದಾರೆ.

ಮೊನ್ನೆ ಆದಿತ್ಯವಾರ ಮರ್ಯಾದೆ ಹೋಯಿತು. ಕೌರವನ ಮಾತು ಒಳ್ಳೆ ರಂಗಕ್ಕೆ ಬಂದಿತ್ತು, ಸ್ವಲ್ಪ ಸೌಂಡ್ ಏರಿಸೋಣ ಎಂದು ಕೈ ಹಾಕಿದೆ, ಕೂಂಯ್ ಎಂದು ಶುರುವಾದದ್ದು ನಿಲ್ಲಲೇ ಇಲ್ಲ. ಅರ್ಥಧಾರಿಗಳು, ಅಂದರೆ ಪಾತ್ರದ ಮಾತಾಡುವವರು, ಹಿರಿಯರು, ಮಾತು ನಿಲ್ಲಿಸಿ ಪಾತ್ರದಲ್ಲೇ ಇದ್ದುಕೊಂಡು "ಯುದ್ಧಕ್ಕೆ ಇನ್ನೂ ಮುಹೂರ್ತ ಆಗಿಲ್ಲ, ಶಂಖ ಊದಿದವರು ಯಾರು?" ಎಂದು ಕೇಳಿದರು. ಜನ ನಕ್ಕರು. ನಾನು ಮಿಕ್ಸರ್ ಹಿಂದೆ ತಲೆ ತಗ್ಗಿಸಿದೆ.

ಅಂಗಡಿಯವರು ಫೀಡ್‌ಬ್ಯಾಕ್, ಅಂದರೆ ಈ ಕೂಗನ್ನು, ಹಿಡಿಯುವ ಒಂದು ಮೆಷಿನ್ ಬರುತ್ತದೆ, ಅದನ್ನು ಹಾಕಿದರೆ ಮುಗಿಯಿತು ಎನ್ನುತ್ತಾರೆ. ಸಮಿತಿಯವರಲ್ಲಿ ಇನ್ನೊಮ್ಮೆ ದುಡ್ಡು ಕೇಳುವ ಮೊದಲು ಇಲ್ಲಿ ಕೇಳೋಣ ಅನ್ನಿಸಿತು.

ಬಾಕ್ಸ್ ಭಾವ:

ದುಡ್ಡಿನ ಮಾತು ಆಮೇಲೆ. ಬಾಕ್ಸ್ ಎಲ್ಲಿ ಇಟ್ಟಿದ್ದೀರಿ, ಅದನ್ನು ಮೊದಲು ಹೇಳಿ. ಕಲಾವಿದರು ಎಲ್ಲಿ ಕೂರುತ್ತಾರೆ, ಗೋಡೆ ಎಷ್ಟು ದೂರ, ಮಾಡಿಗೆ (ಛಾವಣಿಗೆ) ಎಂತದ್ದು?

ಮಂದಿರದ ಮೈಕಿನವ:

ಹಾಲ್ ಸುಮಾರು 30 ಅಡಿಗೆ 20 ಅಡಿ. ನೆಲ ಟೈಲ್ಸ್, ಮಾಡಿಗೆ ಶೀಟ್, ಮೂರು ಕಡೆ ಗೋಡೆ, ಒಂದು ಕಡೆ ಓಪನ್. ಬಾಕ್ಸ್ ಎರಡೂ ಕಲಾವಿದರ ಹಿಂದೆ, ಗೋಡೆಯ ಎರಡು ಮೂಲೆಗಳಲ್ಲಿ. ಎದುರು ಇಟ್ಟರೆ ಮಕ್ಕಳು ವಯರ್ ಎಡವುತ್ತಾರೆ. ಹಿಂದೆ ಇದ್ದರೆ ಕಲಾವಿದರಿಗೂ ಕೇಳುತ್ತದೆ ಅಲ್ವಾ, ಅದೂ ಒಂದು ಲೆಕ್ಕ.

ಬಾಕ್ಸ್ ಭಾವ:

ಕಲಾವಿದರಿಗೆ ಮಾತ್ರ ಅಲ್ಲ ಮಾರಾಯ್ರೆ, ಮೈಕಿಗೂ ಚೆನ್ನಾಗಿ ಕೇಳುತ್ತದೆ! ಮೈಕಿನ ಬಾಯಿ ಕಲಾವಿದರ ಕಡೆ, ಕಲಾವಿದರ ಬೆನ್ನ ಹಿಂದೆ ಬಾಕ್ಸ್, ಅಂದರೆ ಮೈಕ್ ನೇರ ಬಾಕ್ಸನ್ನೇ ನೋಡುತ್ತಿದೆ. ಇದು ಕೂಗದಿದ್ದರೆ ಆಶ್ಚರ್ಯ.

ಇಪ್ಪತ್ತು ವರ್ಷದಿಂದ ಈ ಬಾಕ್ಸ್ ಹೊರುವ ಕೆಲಸ ಮಾಡುತ್ತಿದ್ದೇನೆ. ಮದುವೆ, ಭಜನೆ, ವಾರ್ಷಿಕೋತ್ಸವ, ಎಲ್ಲಿ ಹೋದರೂ ಹತ್ತರಲ್ಲಿ ಏಳು ಕಡೆ ಕಾರಣ ಇದೇ. ಎರಡೂ ಬಾಕ್ಸ್ ಸ್ಟ್ಯಾಂಡ್ ಮೇಲೆ ಏರಿಸಿ, ಕೂತ ಜನರ ತಲೆಗಿಂತ ಮೇಲೆ ಬರಲಿ. ಕಲಾವಿದರ ಸಾಲಿಗಿಂತ ನಾಲ್ಕಡಿಯಾದರೂ ಮುಂದೆ ತನ್ನಿ. ಮುಖ ಪೂರ್ತಿ ಜನರ ಕಡೆ. ಗೋಡೆಯ ಮೂಲೆಯಿಂದ ಬಿಡಿಸಿ, ಮೂಲೆಯಲ್ಲಿ ಇಟ್ಟರೆ ಬೇಸ್ ಸುಮ್ನೆ ಉಬ್ಬುತ್ತದೆ. ವಯರ್ ಗೋಡೆ ಬದಿಯಲ್ಲಿ ಎಳೆದು ಮೇಲೆ ಚಾಪೆ ಹಾಕಿ ಟೇಪ್ ಅಂಟಿಸಿ.

ಇದಾದ ಮೇಲೂ ಸ್ವಲ್ಪ ಗೂಂ ಎನ್ನುವುದು ಉಳಿಯುತ್ತದೆ, ಹೆದರಬೇಡಿ. ಚೂಪು ಸ್ವರ ಬಾಕ್ಸಿನ ಮುಂದಕ್ಕೆ ಹೋಗುತ್ತದೆ. ದಪ್ಪ ಸ್ವರ ಬಾಕ್ಸನ್ನು ಸುತ್ತಿ ಹಿಂದಕ್ಕೂ ಬರುತ್ತದೆ. ಮಾತಿನ ಮೈಕ್‌ಗಳಿಗೆಲ್ಲ ಲೋ ಕಟ್ ಬಟನ್ ಒತ್ತಿ. ಸಾಮಾನ್ಯವಾಗಿ 80 ಅಥವಾ 100 ಹರ್ಟ್ಸ್ ಕೆಳಗಿನದ್ದನ್ನು ಅದು ಇಳಿಸುತ್ತದೆ, ಮಾತಿಗೆ ಅದರಿಂದ ಎಂತ ನಷ್ಟವೂ ಇಲ್ಲ.

ಮಂಜೇಶ್ವರದ ಮೇಷ್ಟ್ರು:

ಭಾವ ಹೇಳಿದ್ದು ಸರಿ. ಯಾಕೆ ಎಂದು ಸ್ವಲ್ಪ ಹೇಳುತ್ತೇನೆ, ಪಾಠ ಅಂತ ಓಡಬೇಡಿ.

ಮೈಕಿಗೆ ಬಿದ್ದ ಸದ್ದು ಆಂಪ್ಲಿಫೈಯರ್ ದಾಟಿ ಬಾಕ್ಸಿನಿಂದ ಹೊರಗೆ ಬರುತ್ತದೆ, ಅದರಲ್ಲಿ ಸ್ವಲ್ಪ ಮತ್ತೆ ಅದೇ ಮೈಕಿಗೆ ಬೀಳುತ್ತದೆ. ಸುತ್ತಿ ಬಂದದ್ದು ಹೊರಟದ್ದಕ್ಕಿಂತ ಕಡಿಮೆ ಇದ್ದರೆ ಅಲ್ಲಿಗೇ ಅಡಗುತ್ತದೆ. ಯಾವುದಾದರೂ ಒಂದು ಸ್ವರದಲ್ಲಿ ಅಷ್ಟೇ ಅಥವಾ ಜಾಸ್ತಿಯಾಗಿ, ಅಲೆಗೆ ಅಲೆ ಹೊಂದಿಕೊಂಡು ಬಂದರೆ ಆ ಸ್ವರ ಸುತ್ತಿದಷ್ಟೂ ಬೆಳೆಯುತ್ತದೆ. ಅದಕ್ಕೇ ಇಡೀ ಹಾಲ್ ಗದ್ದಲ ಆಗುವುದಿಲ್ಲ, ಒಂದೇ ಸ್ವರ ಕೂಗುತ್ತದೆ. ಡೆನ್ಮಾರ್ಕಿನ ಭೌತವಿಜ್ಞಾನಿ ಸೋರೆನ್ ಲಾರ್ಸನ್ ಅವರ ಹೆಸರಿನಿಂದ ಇದಕ್ಕೆ ಲಾರ್ಸನ್ ಎಫೆಕ್ಟ್ ಎಂದೂ ಹೇಳುತ್ತಾರೆ.

ಈಗ ದೂರದ ಲೆಕ್ಕ. ಬಾಯಿಗೂ ಮೈಕಿಗೂ ಇರುವ ದೂರ ಅರ್ಧ ಆದರೆ ಮೈಕಿಗೆ ಸಿಗುವ ಮಾತು 6 ಡೆಸಿಬೆಲ್ (ಸದ್ದಿನ ಅಳತೆ) ಏರುತ್ತದೆ. ನಿಮ್ಮ ಅರ್ಥಧಾರಿಗಳು ಮೈಕಿನಿಂದ ಒಂದು ಗೇಣು ದೂರ ಕೂತಿದ್ದಾರೆ ಎಂದಿಟ್ಟುಕೊಳ್ಳಿ, 9 ಇಂಚು. ನಾಲ್ಕು ಬೆರಳಿಗೆ, ಅಂದರೆ 3 ಇಂಚಿಗೆ ಬಂದರೆ ಒಂಬತ್ತೂವರೆ ಡೆಸಿಬೆಲ್ ಪುಕ್ಕಟೆ. ಅಷ್ಟು ನೀವು ಮಿಕ್ಸರಿನಲ್ಲಿ ಇಳಿಸಬಹುದು, ಜನರಿಗೆ ಮಾತು ಮೊದಲಿನಷ್ಟೇ ಕೇಳುತ್ತದೆ. ಯಾವ ಮೆಷಿನ್ನೂ ಇಷ್ಟು ಕೊಡುವುದಿಲ್ಲ.

ಇನ್ನೊಂದು ಮಾತು. ಬಾಕ್ಸನ್ನು ಮೈಕಿನಿಂದ ದೂರ ಮಾಡಿದಷ್ಟೂ ಲಾಭ ಎಂದು ತಿಳಿಯಬೇಡಿ. ಟೈಲ್ಸ್, ಗೋಡೆ, ಶೀಟ್ ಇರುವ ಹಾಲಿನಲ್ಲಿ ಸ್ವಲ್ಪ ದೂರ ಆದ ಮೇಲೆ ನೇರ ಬರುವ ಸದ್ದಿಗಿಂತ ಬಡಿದು ಬರುವ ಸದ್ದೇ ಜೋರು. ಆಮೇಲೆ ಎಷ್ಟು ದೂರ ಸರಿಸಿದರೂ ಅಷ್ಟೇ.

ಬೆಂಗಳೂರಲ್ಲಿರುವ ಕುಂಬಳೆಯವ:

ಇಷ್ಟೆಲ್ಲ ಯಾಕೆ ಸಾರ್? ಸಿಂಪಲ್. ಗೇನ್ (ಮೈಕ್ ಒಳಬರುವಲ್ಲಿನ ತಿರುಗಣೆ) ಕಡಿಮೆ ಮಾಡಿ, ಫೇಡರ್ (ಹೊರಹೋಗುವ ಸೌಂಡಿನ ಸ್ಲೈಡರ್) ಜಾಸ್ತಿ ಮಾಡಿ. ಹೌಲಿಂಗ್ ಹೋಗುತ್ತದೆ. ನಮ್ಮ ಅಪಾರ್ಟ್‌ಮೆಂಟ್ ಗಣೇಶೋತ್ಸವದಲ್ಲಿ ನಾನೇ ಮಾಡುವುದು.

ಮಂಜೇಶ್ವರದ ಮೇಷ್ಟ್ರು:

ಎರಡೂ ಒಂದೇ ದಾರಿಯಲ್ಲಿ ಇವೆ. ಗೇನ್ 6 ಇಳಿಸಿ ಫೇಡರ್ 6 ಏರಿಸಿದರೆ ಸುತ್ತು ಬರುವ ಸದ್ದು ಅಷ್ಟಕ್ಕಷ್ಟೇ. ನಿಮ್ಮಲ್ಲಿ ಹೋಗಿದ್ದರೆ ಒಟ್ಟು ಸೌಂಡೇ ಕಡಿಮೆ ಆಗಿರಬೇಕು, ನೀವು ಗಮನಿಸಿಲ್ಲ ಅಷ್ಟೇ. ಗೇನ್ ಸರಿ ಇಡಬೇಕಾದದ್ದು ಹೌದು, ಅದು ಸದ್ದು ಒಡೆಯಬಾರದು, ಸುಯ್ ಅನ್ನಬಾರದು ಎಂಬ ಕಾರಣಕ್ಕೆ.

ಬೆಂಗಳೂರಲ್ಲಿರುವ ಕುಂಬಳೆಯವ:

ಹ್ಮ್. ಅಂದರೆ ಮೂರು ವರ್ಷದಿಂದ ಸುಮ್ನೆ ತಿರುಗಿಸುತ್ತಿದ್ದೇನೆ.

ಮದ್ದಳೆ ಮಾಣಿ:

ನಾನು ಹಿಮ್ಮೇಳದ (ಭಾಗವತರು, ಚೆಂಡೆ, ಮದ್ದಳೆ) ಕಡೆಯಿಂದ ಒಂದು ಪ್ರಶ್ನೆ ಕೇಳುತ್ತೇನೆ. 30 ಅಡಿ ಹಾಲಿನಲ್ಲಿ ಚೆಂಡೆಗೆ ಮೈಕ್ ಯಾಕೆ? ಬಯಲಾಟಕ್ಕೆ ಗದ್ದೆಯಾಚೆಗೆ ಕೇಳಲಿಕ್ಕೆ ಇರುವ ವಾದ್ಯ ಅದು. ತಾಳಮದ್ದಳೆಯಲ್ಲಿ ಏರುಪದಕ್ಕೆ, ಅಂದರೆ ಜೋರಿನ ಪದಕ್ಕೆ ಮಾತ್ರ ಬರುತ್ತದೆ, ಉಳಿದ ಹೊತ್ತು ಆ ಮೈಕ್ ಸುಮ್ನೆ ತೆರೆದುಕೊಂಡು ಹಾಲಿನ ಸದ್ದನ್ನೆಲ್ಲ ಕುಡಿಯುತ್ತಾ ಕೂತಿರುತ್ತದೆ.

ಮದ್ದಳೆಗೆ ಮೈಕ್ ಬೇಕು, ಆದರೆ ಅಲ್ಲೂ ಒಂದು ಕಥೆ ಉಂಟು. ನಾವು ಬಾರಿಸದಿದ್ದರೂ ಮಾನಿಟರಿನ ಸದ್ದಿಗೆ ಮದ್ದಳೆಯ ಚರ್ಮ ತಾನೇ ಕಂಪಿಸುತ್ತದೆ, ಕೈ ಇಟ್ಟರೆ ಗೊತ್ತಾಗುತ್ತದೆ. ಆ ಕಂಪನ ಮೈಕಿಗೆ ಹೋಗಿ ಗುಂ ಎಂದು ಹಿಡಿಯುತ್ತದೆ. ಮಾನಿಟರಿಗೆ ಮದ್ದಳೆಯನ್ನು ಕೊಡಲೇಬೇಡಿ. ಭಾಗವತರು ಕೈಯಳತೆಯಲ್ಲೇ ಇರುತ್ತಾರೆ, ನಮ್ಮ ನುಡಿತ ಅವರಿಗೆ ಹಾಗೆಯೇ ಕೇಳುತ್ತದೆ.

ಪೆರ್ಲದ ಪ್ರೇಕ್ಷಕ:

ಚೆಂಡೆ ಮೈಕ್ ತೆಗೆಯಿರಿ ಎನ್ನುವ ಮದ್ದಳೆಯವರು! ಎಂತ ಕಾಲ ಬಂತು. ಕೊನೆಯ ಸಾಲಿನಲ್ಲಿ ಕೂರುವವರು ನಾವು. ಭಾಗವತರ ಪದ ಬಾಕ್ಸಿನಲ್ಲಿ ಜೋರಾಗಿ ಬಂದು ಚೆಂಡೆ ಮಾತ್ರ ಬಾವಿಯಿಂದ ಬಂದ ಹಾಗೆ ಕೇಳಿದರೆ ಏರುಪದದ ರುಚಿ ಎಲ್ಲಿ? ನಾನು ಒಪ್ಪುವುದಿಲ್ಲ.

ಮದ್ದಳೆ ಮಾಣಿ:

ಬಾವಿಯಿಂದ ಬರುವುದಿಲ್ಲ ಮಾವ. ಚೆಂಡೆ ಭಾಗವತರ ಮೈಕಿಗೂ ಬೀಳುತ್ತದೆ, ಹತ್ತಿರದ ಅರ್ಥಧಾರಿಗಳ ಮೈಕಿಗೂ ಬೀಳುತ್ತದೆ. ಅದಕ್ಕೇ ಬೇರೆ ಮೈಕ್ ಇಟ್ಟರೆ ಜಾಸ್ತಿ ಆಗುವುದು. ಒಮ್ಮೆ ಇಲ್ಲದೆ ಕೇಳಿ ನೋಡಿ, ಮತ್ತೆ ಬೈಯಿರಿ.

ಬಾಕ್ಸ್ ಭಾವ:

ಮೈಕಿನ ಸಂಖ್ಯೆ ಬಗ್ಗೆ ಹೇಳಬೇಕೆಂದೇ ಇದ್ದೆ. ತೆರೆದಿರುವ ಮೈಕ್ ಎರಡು ಪಟ್ಟು ಆದಾಗಲೆಲ್ಲ ಕೂಗುವ ಮೊದಲು ಏರಿಸಬಹುದಾದ ಸೌಂಡ್ 3 ಡೆಸಿಬೆಲ್ ಕಡಿಮೆ ಆಗುತ್ತದೆ. ಒಂದಕ್ಕೆ ಎರಡು, ಎರಡಕ್ಕೆ ನಾಲ್ಕು, ನಾಲ್ಕಕ್ಕೆ ಎಂಟು. ಅಂದರೆ ನಿಮ್ಮ ಎಂಟು ಮೈಕ್ ತೆರೆದೇ ಇದ್ದರೆ 9 ಡೆಸಿಬೆಲ್ ನೀರಿಗೆ ಹೋಯಿತು.

ಕೌರವ ಮಾತಾಡುವಾಗ ಕೃಷ್ಣನ ಮೈಕ್ ಯಾಕೆ ತೆರೆದಿರಬೇಕು? ಭೀಷ್ಮನಿಗೆ ಇನ್ನು ಅರ್ಧ ಗಂಟೆ ಮಾತಿಲ್ಲ, ಅವರ ಮೈಕ್ ಯಾಕೆ? ಪ್ರಸಂಗ ಗೊತ್ತಿದ್ದವನು ಮಿಕ್ಸರಿನಲ್ಲಿ ಕೂತರೆ ಇದು ಸುಲಭ. ನಮ್ಮ ಸೌಂಡ್ಸ್ ಹುಡುಗರು ಫೋನ್ ನೋಡುತ್ತಾ ಕೂರುವುದರಿಂದಲೇ ಅರ್ಧ ಹೌಲಿಂಗ್ ಆಗುವುದು, ನನ್ನ ಹುಡುಗರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಪೂರ್ತಿ ಆಫ್ ಮಾಡಬೇಡಿ ಆಯ್ತಾ, ಎದುರಿನವರು ಮಧ್ಯೆ ಬಾಯಿ ಹಾಕಿದರೆ ಮೊದಲ ಶಬ್ದ ತಪ್ಪಿಹೋಗುತ್ತದೆ, ತಾಳಮದ್ದಳೆಯ ಮಜಾ ಇರುವುದೇ ಅಲ್ಲಿ. ಒಂದು ಹತ್ತು ಡೆಸಿಬೆಲ್ ಇಳಿಸಿ ಇಟ್ಟರೆ ಸಾಕು.

ಇದನ್ನೇ ತಾನಾಗಿ ಮಾಡುವ ಮಿಕ್ಸರ್ ಕೂಡ ಉಂಟು. ಅಮೆರಿಕದ ಡ್ಯಾನ್ ಡೂಗನ್ ಎಂಬವರು 1970ರ ದಶಕದಲ್ಲಿ ಮಾಡಿದ ಉಪಾಯ. ಯಾರು ಮಾತಾಡುತ್ತಾರೋ ಅವರ ಮೈಕಿಗೆ ಪಾಲು ಜಾಸ್ತಿ, ಉಳಿದವರಿಗೆ ಕಡಿಮೆ, ಒಟ್ಟು ಒಂದೇ ಮೈಕ್ ತೆರೆದಷ್ಟು ಲೆಕ್ಕ. ಈಗಿನ ಕೆಲವು ಡಿಜಿಟಲ್ ಮಿಕ್ಸರಿನಲ್ಲಿ ಅದು ಒಳಗೇ ಬರುತ್ತದೆ. ಮುಂದೆ ಯಾವಾಗಲಾದರೂ ಮಿಕ್ಸರ್ ಬದಲಿಸುವಾಗ ನೋಡಿ. ಆಗ ಅರ್ಥಧಾರಿಗಳ ಮೈಕ್ ಮಾತ್ರ ಅದಕ್ಕೆ ಹಾಕಿ, ಹಿಮ್ಮೇಳವನ್ನು ಹಾಕಬೇಡಿ.

ಉಪ್ಪಳ ಕರೋಕೆ:

ಎಲ್ಲರೂ ಮೆಷಿನ್ ಬೇಡ ಎನ್ನುತ್ತಿದ್ದೀರಿ. ನಾನು ಎರಡು ವರ್ಷದಿಂದ ಉಪಯೋಗಿಸುತ್ತಿದ್ದೇನೆ, ಒಳ್ಳೆಯದೇ ಉಂಟು. ಸಣ್ಣ ಹಾಲ್, ಹಾಡುವವರು ಕೈಯಲ್ಲಿ ಮೈಕ್ ಹಿಡಿದು ಎಲ್ಲೆಲ್ಲೋ ತಿರುಗುತ್ತಾರೆ. ಹೌಲಿಂಗ್ ಶುರುವಾದ ಕೂಡಲೇ ಆ ಸ್ವರವನ್ನು ಹುಡುಕಿ ಕತ್ತರಿಸುತ್ತದೆ. ನಾನು ಕೈ ಹಾಕುವಷ್ಟು ಹೊತ್ತೂ ಬೇಡ.

ಮಂಜೇಶ್ವರದ ಮೇಷ್ಟ್ರು:

ಕರೋಕೆಗೆ ಸರಿ. ಇಲ್ಲಿ ಒಂದು ತೊಂದರೆ ಉಂಟು. ಆ ಮೆಷಿನ್ ಫೀಡ್‌ಬ್ಯಾಕನ್ನು ಗುರುತಿಸುವುದು ಹೇಗೆ? ಒಂದೇ ಸ್ವರ ಅಲುಗಾಡದೆ ತುಂಬಾ ಹೊತ್ತು ನಿಂತರೆ ಅದು ಫೀಡ್‌ಬ್ಯಾಕ್ ಎಂದು ತಿಳಿಯುತ್ತದೆ. ಶ್ರುತಿಪೆಟ್ಟಿಗೆ ಮಾಡುವುದೂ ಅದನ್ನೇ ಅಲ್ವಾ? ಭಾಗವತರು ತಾರ ಷಡ್ಜದಲ್ಲಿ (ಮೇಲಿನ ಸ) ನಿಂತರೆ ಅದೂ ಹಾಗೆಯೇ. ಮೆಷಿನ್ ಭಾಗವತರ ಷಡ್ಜವನ್ನೇ ಕತ್ತರಿಸಿ ಹಾಕಬಹುದು.

ಇನ್ನೊಂದು ಬಗೆಯದ್ದು ಸದ್ದನ್ನೆಲ್ಲ ಕೆಲವು ಹರ್ಟ್ಸ್ ಮೇಲಕ್ಕೆ ಸರಿಸುತ್ತದೆ. ಸುತ್ತಿ ಬಂದ ಸ್ವರ ಹೊರಟ ಸ್ವರಕ್ಕೆ ಹೊಂದುವುದೇ ಇಲ್ಲ, ಹಾಗಾಗಿ ಬೆಳೆಯುವುದು ಕಷ್ಟ. 1960ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನ ಮ್ಯಾನ್‌ಫ್ರೆಡ್ ಶ್ರೋಡರ್ ಬರೆದದ್ದು ಇದರ ಬಗ್ಗೆಯೇ. ಭಾಷಣಕ್ಕೆ ಉತ್ತಮ ಉಪಾಯ. ಆದರೆ ಪಕ್ಕದಲ್ಲೇ ಶ್ರುತಿ ಕೇಳುತ್ತಿರುವಾಗ ಬಾಕ್ಸಿನಿಂದ ಬರುವ ಷಡ್ಜ 5 ಹರ್ಟ್ಸ್ ಆಚೆ ಇದ್ದರೆ ಭಾಗವತರು ಎದ್ದು ಹೋಗುತ್ತಾರೆ.

ಉಪ್ಪಳ ಕರೋಕೆ:

ಶ್ರುತಿ ವಿಷಯ ನನಗೆ ಹೊಳೆದಿರಲಿಲ್ಲ. ಆದರೆ ಎಕೋ ಬಗ್ಗೆ ಹೇಳುತ್ತೇನೆ, ಅದು ನನ್ನ ಅನುಭವ. ಹಾಡುವವರೆಲ್ಲ ಎಕೋ ಕೇಳುತ್ತಾರೆ. ಎಕೋ ಏರಿಸಿದಷ್ಟೂ ಮೈಕ್ ಬೇಗ ಕೂಗುತ್ತದೆ, ಯಾಕೆಂದರೆ ಸದ್ದು ಇನ್ನೊಂದಷ್ಟು ಹೊತ್ತು ಸುತ್ತುತ್ತಾ ಇರುತ್ತದೆ. ಮಾನಿಟರಿಗೆ ಅಂತೂ ಎಕೋ ಕೊಡಲೇಬೇಡಿ.

ಮಂದಿರದ ಮೈಕಿನವ:

ನಮ್ಮ ಮಾನಿಟರಿಗೆ ಎಕೋ ಉಂಟು. ಭಾಗವತರೇ ಕೇಳಿದ್ದು. ಇನ್ನು ಹೇಗೆ ಇಲ್ಲ ಎನ್ನುವುದೋ!

ಇನ್ನೊಂದು ಡೌಟು. ಮಿಕ್ಸರಿನಲ್ಲಿ ಏಳು ಸ್ಲೈಡರಿನ ಇಕ್ವಲೈಸರ್ ಉಂಟು. ಕೂಗುವಾಗ ಯಾವುದನ್ನು ಇಳಿಸಬೇಕು ಎಂದು ಹೇಗೆ ಗೊತ್ತಾಗುವುದು? ನಾನು ಒಂದೊಂದೇ ಇಳಿಸುತ್ತಾ ಹೋಗಿ ಕೊನೆಗೆ ಎಲ್ಲವೂ ಕೆಳಗೆ ಬಂದಿರುತ್ತವೆ.

ಬಾಕ್ಸ್ ಭಾವ:

ಎಲ್ಲವನ್ನೂ ಇಳಿಸಿದರೆ ಅದು ವಾಲ್ಯೂಮ್ ಇಳಿಸಿದ್ದಕ್ಕೆ ಸಮ, ಮೇಲಿಂದ ಸ್ವರವೂ ಹಾಳು. ಏಳು ಸ್ಲೈಡರ್ ಅಂದರೆ ಕತ್ತಿಯಲ್ಲಿ ಮುಳ್ಳು ತೆಗೆದ ಹಾಗೆ. 31 ಸ್ಲೈಡರಿನದ್ದು ಬೇಕು. ನನ್ನಲ್ಲಿ ಹಳೆಯದೊಂದು ಬಿದ್ದಿದೆ, ಬಂದು ತೆಗೆದುಕೊಂಡು ಹೋಗಿ, ಆಟಿ ತಿಂಗಳು ಮುಗಿದ ಮೇಲೆ ಕೊಟ್ಟರೆ ಸಾಕು.

ಜನ ಬರುವ ಮೊದಲು ಎಲ್ಲ ಮೈಕ್ ಅದರದರ ಜಾಗದಲ್ಲಿ ಇಟ್ಟು, ತೆರೆದು, ನಿಧಾನ ಏರಿಸಿ. ಮೊದಲ ಸಲ ಸಣ್ಣಗೆ ಕೂಗಲು ಶುರುವಾದಾಗ ನಿಲ್ಲಿಸಿ ಆ ಸ್ಲೈಡರ್ ಹುಡುಕಿ 3 ಡೆಸಿಬೆಲ್ ಇಳಿಸಿ. ಮತ್ತೆ ಏರಿಸಿ, ಮುಂದಿನದ್ದು. ಮೂರು ನಾಲ್ಕು ಸಲ, ಅಷ್ಟೇ, ಮತ್ತೆ ಲಾಭ ಇಲ್ಲ. ಆಮೇಲೆ ಒಟ್ಟು ಸೌಂಡನ್ನು ಅಲ್ಲಿಂದ ಒಂದು 6 ಡೆಸಿಬೆಲ್ ಕೆಳಗೆ ತನ್ನಿ. ಜನ ತುಂಬಿದ ಮೇಲೆ ಇನ್ನೂ ಸ್ವಲ್ಪ ಆರಾಮ ಸಿಗುತ್ತದೆ, ಬಟ್ಟೆ ಮೈ ಎಲ್ಲ ಸದ್ದು ಕುಡಿಯುತ್ತದೆ.

ಯಾವ ಸ್ವರ ಎಂದು ತಿಳಿಯಲು ನಾವು ಅಕ್ಷರದಲ್ಲಿ ನೆನಪು ಇಡುವುದು. ಊ ಎಂದು ಕೂಗಿದರೆ 250ರ ಹತ್ತಿರ, ಓ ಎಂದರೆ 500, ಆ ಎಂದರೆ 1000, ಏ ಎಂದರೆ 2000, ಈ ಎಂದು ಕಿವಿ ಚುಚ್ಚಿದರೆ 4000. ಅಂದಾಜು ಲೆಕ್ಕ, ಆದರೆ ಕೈ ಸರಿಯಾದ ಕಡೆ ಹೋಗುತ್ತದೆ.

ಮದ್ದಳೆ ಮಾಣಿ:

ನಮ್ಮಲ್ಲಿ ಅದಕ್ಕಿಂತ ಸುಲಭದ ದಾರಿ ಉಂಟಲ್ಲ ಭಾವ, ಹಾರ್ಮೋನಿಯಂ! ಕಪ್ಪು ಒಂದು ಶ್ರುತಿಯ ಷಡ್ಜ ಸುಮಾರು 277 ಹರ್ಟ್ಸ್, ಅದರ ತಾರ ಷಡ್ಜ 554. ಮೈಕ್ ಕೂಗಿದ ಸ್ವರವನ್ನು ಮನೆಯಲ್ಲಿ ಹುಡುಕಿದರೆ ಯಾವ ಸ್ಲೈಡರ್ ಎಂದು ಗೊತ್ತಾಗುತ್ತದೆ. ಒಂದು ಸಪ್ತಕ ಮೇಲೆ ಹೋದರೆ ಎರಡು ಪಟ್ಟು.

ಬಾಕ್ಸ್ ಭಾವ:

ಇದು ನನಗೆ ಇಷ್ಟು ವರ್ಷ ಹೊಳೆಯಲಿಲ್ಲ. ಮನೆ ಎಂದರೆ ಹಾರ್ಮೋನಿಯಂ ಕೀ ಅಲ್ವಾ, ಒಂದು ಕ್ಷಣ ಗಲಿಬಿಲಿ ಆಯಿತು.

ಅಂದ ಹಾಗೆ ಮಾನಿಟರ್ ಬಗ್ಗೆ. ಮೈಕಿನ ಪೆಟ್ಟಿಗೆ ಮೇಲೆ ಎಂತ ಬರೆದಿದೆ ನೋಡಿ. ಕಾರ್ಡಿಯಾಯ್ಡ್ ಎಂದಿದ್ದರೆ ಅದು ನೇರ ಬೆನ್ನ ಹಿಂದಿನ ಸದ್ದನ್ನು ಅತಿ ಕಡಿಮೆ ಹಿಡಿಯುತ್ತದೆ, ಮಾನಿಟರ್ ಸರಿಯಾಗಿ ಮೈಕಿನ ಬಾಲದ ಎದುರು ಇಡಬೇಕು. ಸೂಪರ್ ಕಾರ್ಡಿಯಾಯ್ಡ್ ಎಂದಿದ್ದರೆ ಅದರ ಬೆನ್ನಿಗೆ ಸ್ವಲ್ಪ ಕಿವಿ ಉಂಟು. ಕಿವುಡು ಜಾಗ ಸುಮಾರು 125 ಡಿಗ್ರಿಯಲ್ಲಿ, ಅಂದರೆ ಹಿಂದೆ ಆದರೆ ಓರೆಗೆ. ಮಾನಿಟರ್ ಅಲ್ಲಿಗೆ ಸರಿಸಬೇಕು. ಯಾವುದೇ ಆಗಲಿ, ಮೈಕಿನ ಬಲೆಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದರೆ ಈ ಗುಣ ಎಲ್ಲ ಹೋಯಿತು, ಎಲ್ಲ ಕಡೆಯ ಸದ್ದನ್ನೂ ಹಿಡಿಯಲು ಶುರು ಮಾಡುತ್ತದೆ. ಕೂಗುವಾಗ ಜನ ಮಾಡುವುದೂ ಅದನ್ನೇ, ಗಾಬರಿಯಲ್ಲಿ ಬಲೆ ಮುಚ್ಚುತ್ತಾರೆ, ಅದು ಇನ್ನೂ ಜೋರು ಕೂಗುತ್ತದೆ.

ಪೆರ್ಲದ ಪ್ರೇಕ್ಷಕ:

ನಾನು ಹಳಬ, ಬೇಕಾದರೆ ಬೈಯಿರಿ. ಮೊದಲು ಅಡಿಕೆ ಸೋಗೆಯ ಚಪ್ಪರ, ತೆಂಗಿನ ಮಡಲಿನ ತಟ್ಟಿ, ಸೆಗಣಿ ಸಾರಿಸಿದ ನೆಲ. ಒಂದು ಕೋಳಾಂಬಿ (ಕಹಳೆಯಂಥ ಸ್ಪೀಕರ್) ಮರಕ್ಕೆ ಕಟ್ಟಿ ಹೊರಗೆ ಮುಖ ಮಾಡಿ ಬಿಡುತ್ತಿದ್ದರು, ಮೈಕ್ ಒಂದೋ ಎರಡೋ. ಕೂಗಿದ ನೆನಪು ಕಡಿಮೆ. ಈಗ ಶೀಟು, ಟೈಲ್ಸು, ಗೋಡೆಗೆ ಆಯಿಲ್ ಪೈಂಟು, ಒಬ್ಬೊಬ್ಬರಿಗೆ ಒಂದೊಂದು ಮೈಕು. ಅರ್ಧ ತೊಂದರೆ ನಾವೇ ಕಟ್ಟಿಸಿದ್ದು.

ಇನ್ನು ಅಷ್ಟು ಜೋರು ಯಾಕೆ ಬೇಕು? ಮೂವತ್ತು ಅಡಿ ಹಾಲಿನಲ್ಲಿ ಮನೆಮಾತಿನ ಹಾಗೆ ಕೇಳಿದರೆ ಸಾಲದೇ? ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕಕ್ಕೆ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಲ್ಲೇ ತಡೆ ಉಂಟು, ಹಗಲು ಕೂಡ ಅಕ್ಕಪಕ್ಕ ಮನೆಗಳಿರುತ್ತವೆ.

ಮಂಜೇಶ್ವರದ ಮೇಷ್ಟ್ರು:

ಸೋಗೆಯ ಮಾತು ನಿಜ. ಅದು ಮೆತ್ತಗೆ, ಸಂದು ಸಂದು, ಸದ್ದು ಒಳಗೆ ಹೋಗಿ ಅಡಗುತ್ತದೆ. ಈಗ ಮಾಡು ಬದಲಿಸಲು ಆಗುವುದಿಲ್ಲ. ಹಿಂದಿನ ಗೋಡೆಗೆ ದಪ್ಪ ಪರದೆ, ನೆಲಕ್ಕೆ ಜಮಖಾನ ಹಾಕಿದರೆ ಚೂಪು ಸ್ವರಗಳಾದರೂ ತಗ್ಗುತ್ತವೆ. ಊ ಎನ್ನುವುದಕ್ಕೆ ಬಟ್ಟೆ ಏನೂ ಮಾಡದು.

ಮಂದಿರದ ಮೈಕಿನವ:

ನಿನ್ನೆ ತಾಳಮದ್ದಳೆ ಆಯಿತು. ವರದಿ ಒಪ್ಪಿಸುತ್ತೇನೆ, ಸ್ವಲ್ಪ ಉದ್ದ ಉಂಟು.

ಬಾಕ್ಸ್ ಮುಂದೆ ತಂದೆ. ಸಮಿತಿಯವರು ಅಂದ ಕೆಟ್ಟಿತು ಎಂದು ಗೊಣಗಿದರು. ಒಂದು ಬಾಕ್ಸ್ ದೇವರ ಫೋಟೋಗೆ ಅಡ್ಡ ಬರುತ್ತಿತ್ತು, ಎರಡು ಅಡಿ ಸರಿಸಿದೆ. ಅಷ್ಟು ಮಾಡಿದ್ದಕ್ಕೇ ಅರ್ಧ ರೋಗ ಹೋಯಿತು. ಬೆಳಿಗ್ಗೆ ಪರೀಕ್ಷೆ ಮಾಡುವಾಗ ಮೊದಲು ಎಲ್ಲಿ ಕೂಗುತ್ತಿತ್ತೋ ಅಲ್ಲಿ ಸದ್ದೇ ಇಲ್ಲ. ನನಗೆ ನಂಬಿಕೆ ಬರದೆ ಮೈಕ್ ಆನ್ ಉಂಟಾ ಎಂದು ತಟ್ಟಿ ನೋಡಿದೆ.

ಭಾಗವತರ ಮೈಕ್ ಸೂಪರ್ ಕಾರ್ಡಿಯಾಯ್ಡ್ ಎಂದು ಪೆಟ್ಟಿಗೆಯಲ್ಲಿ ಗೊತ್ತಾಯಿತು, ಮಾನಿಟರ್ ನೇರ ಹಿಂದೆ ಇಟ್ಟಿದ್ದೆ! ಓರೆಗೆ ಸರಿಸಿದೆ. ಆದರೂ ಒಂದು ಸ್ವರ ಸಣ್ಣಗೆ ಹಿಡಿಯುತ್ತಿತ್ತು, ನನ್ನ ಕಿವಿಗೆ ಓ ಎಂದೂ ಆಗುತ್ತದೆ, ಊ ಎಂದೂ ಆಗುತ್ತದೆ. ನಾನು ಹಾರ್ಮೋನಿಯಂ ಹುಡುಕುತ್ತಿದ್ದಾಗ ಭಾಗವತರೇ ಒಳಗೆ ಬಂದು ಕೇಳಿ, "ಇದು ನನ್ನ ತಾರ ಷಡ್ಜ ಅಲ್ವಾ ಮಾರಾಯ, ನಾನು ಬರುವ ಮೊದಲೇ ಹಾಡುತ್ತಿದೆಯಲ್ಲ" ಎಂದರು. ಅವರದ್ದು ಕಪ್ಪು ಒಂದು. 500ರ ಸ್ಲೈಡರ್ ಇಳಿಸಿದೆ, ನಿಂತಿತು. ಮಾನಿಟರಿನ ದಾರಿಯಲ್ಲಿ ಮಾತ್ರ ಇಳಿಸಿದ್ದು, ಜನರ ಬಾಕ್ಸಿನಲ್ಲಿ ಅಲ್ಲ. ಆ ಖುಷಿಯಲ್ಲಿದ್ದಾಗಲೇ ಎಕೋ ತೆಗೆಯುತ್ತೇನೆ ಎಂದೆ, ಒಪ್ಪಿದರು.

ನಾಲ್ಕು ಬೆರಳಿನ ಮಾತು ಹೇಳಲು ಧೈರ್ಯ ಬರಲಿಲ್ಲ, ಎಲ್ಲ ಹಿರಿಯರು. ಅವರು ಕೂತ ಮೇಲೆ ನಾನೇ ಹೋಗಿ ಸ್ಟ್ಯಾಂಡ್ ಹತ್ತಿರ ತಂದಿಟ್ಟೆ. ಒಬ್ಬರು ಮಾತು ಬಿಸಿಯೇರಿದ ಹಾಗೆ ಹಿಂದಕ್ಕೆ ಒರಗುತ್ತಾರೆ, ಅವರದ್ದು ಕೊನೆಯವರೆಗೂ ಗೇಣಿಗಿಂತ ಒಳಗೆ ಬರಲಿಲ್ಲ. ಅವರ ಸರದಿ ಬಂದಾಗ ಉಳಿದವರನ್ನೆಲ್ಲ ಇಳಿಸಿ ಹೇಗೋ ಸುಧಾರಿಸಿದೆ.

ನಾಲ್ಕು ಗಂಟೆಗೆ ಮಳೆ ಹೊಡೆಯಿತು. ಶೀಟಿನ ಮೇಲೆ ಮಳೆ ಅಂದರೆ ಗೊತ್ತಲ್ಲ, ಪಕ್ಕದವನ ಮಾತೂ ಕೇಳದು. ಎಲ್ಲರೂ ಏರಿಸು ಏರಿಸು ಎಂದು ಕೈಸನ್ನೆ ಮಾಡುತ್ತಾರೆ. ಸ್ವಲ್ಪ ಏರಿಸಿದೆ, ಬಾಲ ಎಳೆಯಲು ಶುರುವಾಯಿತು, ವಾಪಸ್ ಇಳಿಸಿದೆ. ಭಾಗವತರು ನೋಡಿದರು, ಏರುಪದ ಒಂದನ್ನು ಎತ್ತಿಕೊಂಡು ಮಳೆ ತಗ್ಗುವವರೆಗೆ ಬಿಡಲಿಲ್ಲ. ಆ ಹೊತ್ತಿಗೆ ಅದಕ್ಕಿಂತ ಒಳ್ಳೆ ಉಪಾಯ ಯಾವ ಮಿಕ್ಸರಿನಲ್ಲೂ ಇರಲಿಲ್ಲ.

ಕೊನೆಗೆ ಕೂಗಿತು ಎಂದು ಹೇಳಲೇಬೇಕು. ಸನ್ಮಾನದ ಹೊತ್ತಿಗೆ ಸಮಿತಿಯವರೊಬ್ಬರು ಕಾರ್ಡ್‌ಲೆಸ್ ಮೈಕ್ ಹಿಡಿದು ಶಾಲು ತರಲು ನೇರ ಬಾಕ್ಸಿನ ಎದುರಿಗೇ ನಡೆದರು. ಕೂಗಿದ ಕೂಡಲೇ ಬಲೆಯನ್ನು ಮುಷ್ಟಿಯಲ್ಲಿ ಮುಚ್ಚಿದರು, ಭಾವ ಹೇಳಿದ ಹಾಗೆಯೇ. ಮುಂದಿನ ಸಲ ಬಾಕ್ಸಿನ ಎದುರು ನೆಲಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತೇನೆ.

ಮೆಷಿನ್ ತರುವುದಿಲ್ಲ. ಆ ದುಡ್ಡಲ್ಲಿ ಪರದೆ ಆಗುತ್ತದಾ ಎಂದು ಕೇಳಿದ್ದೇನೆ. ಹಾಂ, ಚೆಂಡೆಗೆ ಮೈಕ್ ಇಡಲಿಲ್ಲ. ಯಾರೂ ಕೇಳಲೂ ಇಲ್ಲ.

ಬಾಕ್ಸ್ ಭಾವ:

ಲಾಯ್ಕಾಯಿತು. ಕಾರ್ಡ್‌ಲೆಸ್ ಚಾನೆಲ್ ಮೇಲೆ ಒಂದು ಬೆರಳು ಇಟ್ಟುಕೊಂಡೇ ಇರಿ, ಗೆರೆಯನ್ನು ಯಾರೂ ನೋಡುವುದಿಲ್ಲ. 31ರ ಇಕ್ವಲೈಸರಿಗೆ ಮಳೆ ನೀರು ತಾಗದ ಹಾಗೆ ನೋಡಿಕೊಳ್ಳಿ.

ಪೆರ್ಲದ ಪ್ರೇಕ್ಷಕ:

ನಿನ್ನೆ ಕೊನೆಯ ಸಾಲಿನಲ್ಲಿ ಕಂಬಕ್ಕೆ ಒರಗಿ ಕೂತಿದ್ದವನು ನಾನೇ. ಚೆಂಡೆ ಕೇಳಿತು.

ಮದ್ದಳೆ ಮಾಣಿ:

😄 ಮದ್ದಳೆ?

ಪೆರ್ಲದ ಪ್ರೇಕ್ಷಕ:

ಮಳೆ ಬರುವವರೆಗೆ ಕೇಳಿತು.